ಮಗಳಿಗೊಂದು ಪತ್ರ: ಬ್ಯಾಗ್ ಉಬ್ಬಿದರೆ ಉಬ್ಬಲಿ

ಪುಟ್ಟಿ,

ಎದುರಿಗೆ ಹೇಳಹೋದರೆ ನೀನು ಮಾತು ತಿರುಗಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಹೊರಗೆ ಹೋಗುವ ದಿನ ನೀನು ಊಟ ಬಿಡುತ್ತಿದ್ದೀಯ. ನೀರೂ ಕುಡಿಯುವುದಿಲ್ಲ. ಆಪರೇಷನ್ ಆದಮೇಲೆ ಹೊಟ್ಟೆಗೆ ಅಂಟಿಸಿಕೊಳ್ಳುವ ಮಲದ ಬ್ಯಾಗ್ ತುಂಬಬಾರದು, ಬಟ್ಟೆಯೊಳಗೆ ಉಬ್ಬಿ ಕಾಣಬಾರದು ಅಂತ ಅಲ್ವಾ?

ಹಾಗನ್ನಿಸುವುದು ತಪ್ಪಲ್ಲ. ಸಣ್ಣ ಕರುಳಿನ ತುದಿ ಸ್ಟೋಮಾ ಅಂತ ಹೊಟ್ಟೆಯ ಮೇಲೆ ಬಂದು ಕೂತಿದೆ, ಕೆಂಪಗೆ, ಒದ್ದೆಯಾಗಿ, ಆಗಾಗ ಮಿಸುಕಾಡುತ್ತಾ. ಅದನ್ನು ನೋಡಿ ಇದೂ ನನ್ನ ಮೈಯೇ ಅಂದುಕೊಳ್ಳಲು ಯಾರಿಗಾದರೂ ಸಮಯ ಬೇಕು. ನೀನು ಮೊದಲಿನ ಹಾಗೇ ಇದ್ದೀಯ ಅಂತ ಬಂದವರೆಲ್ಲ ಹೇಳುತ್ತಾರೆ. ನಾನು ಹೇಳುವುದಿಲ್ಲ. ಮೈ ಬದಲಾಗಿದೆ. ಅಳು ಬಂದರೆ ಅತ್ತುಬಿಡು. ಕನ್ನಡಿ ನೋಡಲು ಮನಸ್ಸಿಲ್ಲದಿದ್ದರೆ ಬಿಡು. ಆದರೆ ಆ ಬೇಜಾರನ್ನು ಊಟದ ಮೇಲೆ ತೀರಿಸಿಕೊಳ್ಳಬೇಡ.

ನೀರು, ಉಪ್ಪನ್ನು ಹೀರಿ ಮೈಗೆ ಉಳಿಸಿಕೊಡುತ್ತಿದ್ದ ದೊಡ್ಡ ಕರುಳು ಈಗಿಲ್ಲ. ಅವೆರಡೂ ಬ್ಯಾಗಿಗೆ ಹೋಗುತ್ತಿವೆ. ಕುಡಿಯದಿದ್ದರೆ ಸುಸ್ತು, ತಲೆಸುತ್ತು. ಹಾಗೇ ಬಿಟ್ಟರೆ ಕಿಡ್ನಿಗೆ ಪೆಟ್ಟು. ಬರೀ ನೀರನ್ನೇ ಜಾಸ್ತಿ ಕುಡಿದರೂ ಉಪ್ಪು ಇನ್ನಷ್ಟು ಹೊರಗೆ ಹೋಗುತ್ತದೆ, ಅದಕ್ಕೇ ಡಾಕ್ಟರು ಒಆರ್‌ಎಸ್ ಬರೆದುಕೊಟ್ಟಿರುವುದು. ಇನ್ನೊಂದು ಮಾತು. ಹೊಟ್ಟೆ ಖಾಲಿ ಬಿಟ್ಟರೆ ಗ್ಯಾಸ್ ಜಾಸ್ತಿಯಾಗುತ್ತದೆ. ಉಬ್ಬಬಾರದು ಅಂತ ನೀನು ಉಪವಾಸ ಮಾಡಿದರೆ ಗಾಳಿಗೇ ಬ್ಯಾಗ್ ಉಬ್ಬುತ್ತದೆ.

ಸ್ವಲ್ಪ ಸ್ವಲ್ಪವಾಗಿ, ಹೊತ್ತುಹೊತ್ತಿಗೆ ತಿನ್ನು. ಚೆನ್ನಾಗಿ ಅಗಿದು ನುಂಗು. ಬ್ಯಾಗ್ ಮೂರನೇ ಒಂದು ಭಾಗ ತುಂಬುತ್ತಿದ್ದಂತೆ ಖಾಲಿ ಮಾಡಿಬಿಡು, ಆಗ ಭಾರಕ್ಕೆ ಜಗ್ಗುವುದಿಲ್ಲ, ಸೋರುವ ಭಯವೂ ಕಡಿಮೆ. ಸುತ್ತಲಿನ ಚರ್ಮ ಉರಿಯುತ್ತಿದೆ ಅಂದೆಯಲ್ಲ? ಸ್ಟೋಮಾದ ಊತ ಮೊದಲ 6ರಿಂದ 8 ವಾರಗಳಲ್ಲಿ ಇಳಿಯುತ್ತಾ ಹೋಗುತ್ತದೆ. ನೀನು ಇನ್ನೂ ಹಳೇ ಅಳತೆಗೇ ಬ್ಯಾಗಿನ ತೂತು ಕತ್ತರಿಸುತ್ತಿದ್ದರೆ ಚರ್ಮಕ್ಕೆ ಮಲ ತಾಗುತ್ತಿರಬಹುದು. ನರ್ಸ್ ಹತ್ತಿರ ಮತ್ತೆ ಅಳತೆ ತೆಗೆಸೋಣ.

ಈಜು, ಓಟ, ಮದುವೆ, ಬಸಿರು, ಸ್ಟೋಮಾ ಇಟ್ಟುಕೊಂಡೇ ಇವನ್ನೆಲ್ಲ ಕಂಡವರಿದ್ದಾರೆ. ಭಾರ ಎತ್ತುವುದು ಮಾತ್ರ ಸದ್ಯಕ್ಕೆ ಬೇಡ, ಹರ್ನಿಯಾ ಆದೀತು. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನುವುದು ನಿನಗೆ ಬಿಟ್ಟದ್ದು. ನೆಂಟರು ಎಷ್ಟೇ ಕೆದಕಿದರೂ ನಾನು ಬಾಯಿ ಬಿಡುವುದಿಲ್ಲ.

ಶನಿವಾರ ಗೆಳತಿಯ ಮನೆಗೆ ಹೊರಡುವ ಮುಂಚೆ ಊಟ ಮಾಡು. ಇನ್ನೊಂದು ಬ್ಯಾಗ್, ಒಂದು ಜೊತೆ ಬಟ್ಟೆ ಜೊತೆಗಿಟ್ಟುಕೋ. ಅಲ್ಲಿ ತಿನ್ನಲು ಕೊಟ್ಟರೆ ಅದನ್ನೂ ತಿನ್ನು.

ನಿನ್ನ
ಅಮ್ಮ