ಬೇಸಿಗೆ ರಜೆ: ಹಲ್ಲು, ಆರೋಗ್ಯದ ಬಗ್ಗೆ ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಿಸಿಲು ಏರುತ್ತಿದೆ, ಮಕ್ಕಳಿಗೂ ರಜೆ. ಸಿಹಿ ಪಾನೀಯದ ಬಾಟಲಿ ಹಿಡಿದು ಗಂಟೆಗಟ್ಟಲೆ ಗುಟುಕರಿಸುವುದು ಹಲ್ಲಿಗೆ ತುಂಬಾ ಕೆಟ್ಟದ್ದು. ಎಷ್ಟು ಕುಡಿದರು ಅನ್ನುವಷ್ಟೇ, ಎಷ್ಟು ಸಲ ಕುಡಿದರು ಅನ್ನುವುದೂ ಮುಖ್ಯ. ಕೊಡಲೇಬೇಕೆಂದರೆ ಊಟದ ಜೊತೆಗೇ ಕೊಟ್ಟು ಮುಗಿಸಿ. ಹುಳಿ ಪಾನೀಯ ಕುಡಿದ ಕೂಡಲೇ ಬ್ರಷ್ ಬೇಡ. ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಡಿ.

ರಜೆ ಅಂತ ರಾತ್ರಿಯ ಬ್ರಷ್ ತಪ್ಪಿಸಬೇಡಿ (ಹೆಚ್ಚಾಗಿ ತಪ್ಪುವುದು ದೊಡ್ಡವರದ್ದೇ!). ಫ್ಲೋರೈಡ್ ಪೇಸ್ಟ್, 2 ನಿಮಿಷ. 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ಬ್ರಷ್ ತುಂಬಾ ಹಚ್ಚುವುದನ್ನು ನಂಬಬೇಡಿ.

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಕಳಚಿದರೆ, ಗಾಬರಿಯಲ್ಲಿ ಎಸೆಯಬೇಡಿ. ಬೇರು ಮುಟ್ಟದೆ, ಅಗಿಯುವ ಬಿಳಿ ಭಾಗವನ್ನಷ್ಟೇ ಹಿಡಿದು ಎತ್ತಿಕೊಳ್ಳಿ. ಮಣ್ಣಾಗಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ, ಉಜ್ಜಬೇಡಿ. ಸಾಧ್ಯವಾದರೆ ಅದರ ಜಾಗದಲ್ಲೇ ಕೂರಿಸಿ, ಬಟ್ಟೆ ಕಚ್ಚಿ ಹಿಡಿಯಲು ಹೇಳಿ. ಆಗದಿದ್ದರೆ ತಣ್ಣನೆ ಹಾಲಿನಲ್ಲಿಟ್ಟು, ಒಂದು ಗಂಟೆಯೊಳಗೆ ದಂತವೈದ್ಯರ ಬಳಿಗೆ ಹೋಗಿ. ಬೇಗ ಹೋದಷ್ಟೂ ಹಲ್ಲು ಉಳಿಯುವ ಸಾಧ್ಯತೆ ಹೆಚ್ಚು. ಹಾಲುಹಲ್ಲನ್ನು ಮಾತ್ರ ಮತ್ತೆ ಕೂರಿಸಬಾರದು, ಒಳಗಿರುವ ಹೊಸ ಹಲ್ಲಿಗೆ ಪೆಟ್ಟಾಗಬಹುದು.

ಮನೆಯ ಹಿರಿಯರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ, ನೀವೇ ನೆನಪಿಸಿ ನೀರು ಕೊಡಿ. ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ವಾಂತಿ-ಭೇದಿಯಾದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಅಂದಾಜು ಬೇಡ.

ಇನ್ನೊಂದು ವಿನಂತಿ: ಹಲ್ಲುನೋವಿಗೆ ಇದನ್ನು ತಗೊಳ್ಳಿ ಅಂತ ನಮ್ಮ ಈ ಮೆಸೇಜ್ ಗುಂಪಿನಲ್ಲಿ ಆ್ಯಂಟಿಬಯೋಟಿಕ್ ಹೆಸರು ಹಾಕಬೇಡಿ. ಮುಖ ಊದಿಕೊಂಡು ಜ್ವರವಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರಾಡಲು, ನುಂಗಲು ಕಷ್ಟವಾದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.