ಎತ್ತಿ ನೀರು ಕುಡಿಯುವಷ್ಟು: ವಿಕ್ಟೋರಿಯಾದ ಸುಟ್ಟಗಾಯದ ವಾರ್ಡಿನವರಿಗಾಗಿ ಒಂದು ಮನವಿ

ಆತ್ಮೀಯರೇ,

ನಮ್ಮ ಕಡೆ ನೀರು ಕುಡಿಯುವ ರೀತಿ ನಿಮಗೆ ಗೊತ್ತಲ್ವಾ? ಲೋಟ ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಹಾಕಿ, ಎತ್ತಿ ಕುಡಿಯುವುದು. ಪಾವಗಡದ ಕಡೆಯ ಒಬ್ಬ ಹೂವಿನವರು ಹದಿನಾಲ್ಕು ತಿಂಗಳು ಹಾಗೆ ಕುಡಿದಿರಲಿಲ್ಲ. ಸ್ಟೌ ಹತ್ತಿರ ಸೆರಗು ಹೊತ್ತಿಕೊಂಡು ಕತ್ತು, ಎದೆ ಸುಟ್ಟಿತ್ತು. ಗಾಯವೇನೋ ಮಾಯಿತು. ಮಾಯುವಾಗ ಚರ್ಮ ಸೆಳೆದುಕೊಂಡು ಗದ್ದ ಎದೆಗೆ ಅಂಟಿದ ಹಾಗಾಯಿತು. ಬಸ್ಸಿನ ಬೋರ್ಡ್ ಓದಬೇಕಾದರೆ ಸೊಂಟದಿಂದಲೇ ಹಿಂದಕ್ಕೆ ಬಾಗಬೇಕು. ನೀರು ಕುಡಿಯಲು ಮಗಳು ಎಳನೀರು ಅಂಗಡಿಯಿಂದ ಸ್ಟ್ರಾ ಕೇಳಿ ತರುತ್ತಿದ್ದಳು.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಕತ್ತು ಬಿಡಿಸುವ ಆಪರೇಷನ್ ಆಯಿತು. ತೊಡೆಯಿಂದ ಚರ್ಮ ತೆಗೆದು ಕತ್ತಿಗೆ ಹಾಕಿದರು. ಆಮೇಲೆ ತಿಂಗಳುಗಟ್ಟಲೆ ಕತ್ತಿಗೆ ಪಟ್ಟಿ, ದಿನಾ ವ್ಯಾಯಾಮ. ಯುಗಾದಿ ಮುಗಿದ ವಾರ ಚೆಕಪ್‌ಗೆ ಬಂದವರು ನಮ್ಮ ಟೇಬಲ್ ಮೇಲಿದ್ದ ಸ್ಟೀಲ್ ಲೋಟ ತೆಗೆದುಕೊಂಡರು. ಏನೂ ಹೇಳಲಿಲ್ಲ. ಎತ್ತಿ ಗಟಗಟ ಕುಡಿದರು. ಒಂದಿಷ್ಟು ಕತ್ತಿನ ಮೇಲೆ ಚೆಲ್ಲಿತು. ಒರೆಸಿಕೊಳ್ಳಲೂ ಇಲ್ಲ, ಹಾಗೇ ನಿಂತಿದ್ದರು.

ಆ ಲೋಟದ ನೀರಿಗೂ ಆಪರೇಷನ್ನಿಗೂ ನಡುವೆ ಇದ್ದ ತಿಂಗಳುಗಳಿವೆಯಲ್ಲ, ನಾವು ಹಣ ಕೇಳುತ್ತಿರುವುದು ಅದಕ್ಕೆ.

ನಮ್ಮದು ಚಿಕ್ಕ ಟ್ರಸ್ಟ್. ಒಂಬತ್ತು ಜನ, ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಂದು ಬಾಡಿಗೆ ರೂಮು, ಒಂದು ಕಬ್ಬಿಣದ ಬೀರು. ಒಂಬತ್ತು ಜನರೂ ಒಂದಲ್ಲ ಒಂದು ಕಾಲದಲ್ಲಿ ಸುಟ್ಟಗಾಯದ ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಕಾದವರೇ. ನಾನು ಕಾದದ್ದು ನನ್ನ ತಂಗಿಗಾಗಿ, 2009ರಲ್ಲಿ. ಬಚ್ಚಲಲ್ಲಿ ಕಾಯಿಸಿಟ್ಟ ಬಿಸಿನೀರಿನ ಹಂಡೆ ಅವಳ ಮೇಲೆ ಉರುಳಿತ್ತು. ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದ ಟೂತ್‌ಪೇಸ್ಟ್ ಹಚ್ಚಿದರು. ಮೊದಲು ಹೋದ ಒಂದು ನರ್ಸಿಂಗ್ ಹೋಮಿನಲ್ಲಿ ಅಡ್ವಾನ್ಸ್ ಕಟ್ಟಿ, ಕಾದು, ಆಮೇಲೆ 'ಇಲ್ಲಿ ಆಗಲ್ಲ' ಅನ್ನಿಸಿಕೊಂಡು ಹೊರಡುವಷ್ಟರಲ್ಲಿ ಮೂರು ಗಂಟೆ ಹೋಗಿತ್ತು. ಹೆಸರು ಬೇಡ, ಬಿಡಿ.

ಆ ಮೂರು ಗಂಟೆಯ ಬೆಲೆ ನನಗೆ ವಾರ್ಡಿನಲ್ಲಿ ಗೊತ್ತಾಯಿತು. ಜಾಸ್ತಿ ಸುಟ್ಟವರ ಮೈಯಿಂದ ನೀರಿನಂಶ ಸೋರಿಹೋಗುತ್ತಲೇ ಇರುತ್ತದೆ. ಡ್ರಿಪ್ಪಿನಲ್ಲಿ ಅದನ್ನು ತುಂಬದಿದ್ದರೆ ಕಿಡ್ನಿ ಕೆಡುತ್ತದೆ, ಜೀವವೇ ಹೋಗಬಹುದು. ಎಷ್ಟು ತುಂಬಬೇಕು ಅನ್ನುವುದಕ್ಕೆ ಒಂದು ಲೆಕ್ಕವಿದೆ. ಅಮೆರಿಕದ ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಚಾರ್ಲ್ಸ್ ಬ್ಯಾಕ್ಸ್‌ಟರ್ 1960ರ ದಶಕದಲ್ಲಿ ಕೊಟ್ಟ ಲೆಕ್ಕ. (ಅಧ್ಯಕ್ಷ ಕೆನಡಿಗೆ ಗುಂಡೇಟು ಬಿದ್ದಾಗ ಕರೆದೊಯ್ದದ್ದೂ ಅದೇ ಆಸ್ಪತ್ರೆಗೆ.) ತೂಕದ ಪ್ರತಿ ಕೆಜಿಗೆ, ಇಡೀ ಮೈಚರ್ಮದಲ್ಲಿ ಸುಟ್ಟ ಪ್ರತಿ ಶೇಕಡಾ ಒಂದಕ್ಕೆ 4 ಎಂಎಲ್. 60 ಕೆಜಿಯವರಿಗೆ ಶೇ 30 ಸುಟ್ಟಿದ್ದರೆ 24 ಗಂಟೆಯಲ್ಲಿ 7,200 ಎಂಎಲ್. ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲೇ ಹೋಗಬೇಕು. ಆ 8 ಗಂಟೆ ಶುರುವಾಗುವುದು ಆಸ್ಪತ್ರೆಗೆ ಬಂದಾಗ ಅಲ್ಲ, ಸುಟ್ಟಾಗ. ಡ್ಯೂಟಿ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಕೇಸ್ ಶೀಟಿನ ಹಿಂದೆ ಗುಣಾಕಾರ ಮಾಡಿ, 'ಎಷ್ಟೊತ್ತಿಗೆ ಆಗಿದ್ದು? ಸರಿಯಾಗಿ ಹೇಳಿ ಮೇಡಂ' ಎಂದು ಎರಡೆರಡು ಸಲ ಕೇಳಿದ್ದು ಅದಕ್ಕೇ. ನನಗೆ ಆಗ ಸಿಟ್ಟು ಬಂದಿತ್ತು. ತಂಗಿ ಇಲ್ಲಿ ನರಳುತ್ತಿದ್ದಾಳೆ, ಇವನಿಗೆ ಟೈಮಿನ ಚಿಂತೆ ಅಂತ.

ತಂಗಿ ಉಳಿದಳು. ಈಗ ತುಮಕೂರಿನಲ್ಲಿ ಟೈಲರಿಂಗ್ ಹೇಳಿಕೊಡುತ್ತಾಳೆ.

ವಿಕ್ಟೋರಿಯಾ ಬೋಧನಾ ಆಸ್ಪತ್ರೆ. ಅಂಥ ಹುಡುಗರು ಕಲಿಯುವ ಜಾಗವೇ ಅದು. 1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ಕಟ್ಟಡ, 1955ರಲ್ಲಿ ಶುರುವಾದ ಬೆಂಗಳೂರು ಮೆಡಿಕಲ್ ಕಾಲೇಜು, ಅಕ್ಕಪಕ್ಕದಲ್ಲೇ ಮಿಂಟೊ ಮತ್ತು ವಾಣಿವಿಲಾಸ. ಬೆಳಗ್ಗೆ ರೌಂಡ್ಸ್ ಹೊತ್ತಿಗೆ ಪ್ರೊಫೆಸರ್ ಹಿಂದೆ ಬಿಳಿ ಕೋಟಿನ ಒಂದು ಹಿಂಡೇ ಇರುತ್ತದೆ. ರೋಗಿಗಳಿಗೆ ಇದು ಕಿರಿಕಿರಿ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ಹತ್ತು ಜೊತೆ ಕಣ್ಣು ಒಂದೇ ಗಾಯ ನೋಡುವುದು ನಮಗೆ ಧೈರ್ಯ ಕೊಡುತ್ತಿತ್ತು. ಇನ್ನೊಂದು ಮಾತು: ಇಲ್ಲಿನ ಸುಟ್ಟಗಾಯದ ವಿಭಾಗಕ್ಕೆ ಮಹಾಬೋಧಿ ಅನ್ನುವ ಹೆಸರು ಬಂದದ್ದು ಗಾಂಧಿನಗರದ ಮಹಾಬೋಧಿ ಸೊಸೈಟಿಯ ನೆರವಿನಿಂದ. ಸರ್ಕಾರಿ ಆಸ್ಪತ್ರೆಗೆ ದೇಣಿಗೆ ಯಾಕೆ ಎಂದು ಕೇಳುವವರಿಗೆ ನಾವು ಆ ಬೋರ್ಡ್ ತೋರಿಸುತ್ತೇವೆ.

ಚಿಕಿತ್ಸೆ ತುಂಬಾ ಬದಲಾಗಿದೆ. ಹಿಂದೆ ಸುಟ್ಟ ಚರ್ಮ ತಾನಾಗಿ ಕಳಚುವ ತನಕ ವಾರಗಟ್ಟಲೆ ಕಾಯುತ್ತಿದ್ದರು. ಅಷ್ಟರಲ್ಲಿ ಸೋಂಕು ಹೊಕ್ಕಿರುತ್ತಿತ್ತು. ಆಗಿನ ಯುಗೊಸ್ಲಾವಿಯಾದಲ್ಲಿ ಜೋರಾ ಯಾನ್ಜೆಕೋವಿಚ್ ಅನ್ನುವ ಡಾಕ್ಟರಮ್ಮ ಕಾಯಲಿಲ್ಲ. ಕೆಲವೇ ದಿನಗಳಲ್ಲಿ ಸತ್ತ ಪದರವನ್ನು ತೆಳ್ಳಗೆ ಹೆರೆದು ತೆಗೆದು, ಆಗಲೇ ಹೊಸ ಚರ್ಮ ಕೂರಿಸಿದರು. 1970ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇವತ್ತು ಬಹಳ ಕಡೆ ಅದೇ ದಾರಿ. ಕೂರಿಸುವ ಚರ್ಮಕ್ಕೆ ಸಣ್ಣ ಸಣ್ಣ ಸೀಳು ಹಾಕಿ ಮೀನಿನ ಬಲೆಯ ಹಾಗೆ ಅಗಲಿಸುವ ಯಂತ್ರ 1964ರಲ್ಲಿ ಬಂತು. ಒಂದು ಅಂಗೈಯಷ್ಟು ಚರ್ಮ ಎರಡು ಮೂರು ಅಂಗೈಯಷ್ಟು ಜಾಗ ಮುಚ್ಚುತ್ತದೆ. ನಮ್ಮ ದೇಶದ್ದೂ ಒಂದು ಇದೆ. ಬಾಳೆ ಎಲೆ ಅಂದರೆ ನಮಗೆ ಊಟ. ಮುಂಬೈಯ ಸಯನ್ ಆಸ್ಪತ್ರೆಯ ಡಾ. ಮಾಧುರಿ ಗೋರೆ ಅದನ್ನೇ ಡ್ರೆಸಿಂಗ್ ಮಾಡಿ, ಗಾಯಕ್ಕೆ ಅಂಟದೆ ನೋವಿಲ್ಲದೆ ಬಿಡಿಸಬಹುದು ಎಂದು ತೋರಿಸಿದರು. (ಅದು ಕ್ರಿಮಿಶುದ್ಧ ಮಾಡಿದ ಎಲೆ. ದಯವಿಟ್ಟು ಹಿತ್ತಲಿಂದ ಕಿತ್ತು ಕಟ್ಟಬೇಡಿ. ಸುಟ್ಟ ತಕ್ಷಣ ಮಾಡಬೇಕಾದ್ದು ಒಂದೇ: 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯುವುದು. ಐಸು, ಪೇಸ್ಟು, ಇಂಕು, ಅರಿಸಿನ ಯಾವುದೂ ಬೇಡ.)

ಇಷ್ಟೆಲ್ಲ ಇದ್ದೂ ಒಂದು ತೊಡಕು ಹಾಗೇ ಇದೆ. ಅರ್ಧ ಮೈ ಸುಟ್ಟವರಿಗೆ ಹಾಕಲು ಅವರದ್ದೇ ಚರ್ಮ ಸಾಲುವುದಿಲ್ಲ. ಅದಕ್ಕೆ ಸ್ಕಿನ್ ಬ್ಯಾಂಕ್ ಬೇಕು. ವಿಕ್ಟೋರಿಯಾದಲ್ಲಿ ರೋಟರಿಯವರ ನೆರವಿನಿಂದ 2016ರಲ್ಲಿ ಶುರುವಾಯಿತು. ತೀರಿಹೋದವರಿಂದ ಪಡೆದ ಚರ್ಮವನ್ನು ಗ್ಲಿಸರಾಲ್‌ನಲ್ಲಿ ಹಾಕಿ ತಣ್ಣಗಿನ ಜಾಗದಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ರಕ್ತದ ಗುಂಪು ಹೊಂದಬೇಕಿಲ್ಲ. ಹಾಕಿದ ಚರ್ಮ ಶಾಶ್ವತವಾಗಿ ಕೂರುವುದಿಲ್ಲ, ಕೆಲವು ವಾರದಲ್ಲಿ ಉದುರಿಹೋಗುತ್ತದೆ. ಅಷ್ಟು ದಿನ ಸೋಂಕು ತಡೆದು, ನೋವು ತಗ್ಗಿಸಿ, ರೋಗಿಯ ಮೈ ಸುಧಾರಿಸಿಕೊಳ್ಳಲು ಸಮಯ ಕೊಡುತ್ತದೆ.

ಮೂರು ವರ್ಷದ ಹಿಂದೆ ನಮ್ಮತ್ತೆ ತೀರಿಕೊಂಡರು. ಎಂಬತ್ತೊಂದು ವಯಸ್ಸು, ಶುಗರ್ ಇತ್ತು. ಬೆಳಗಿನ ಜಾವ ಐದಕ್ಕೆ ಹೋದರು, ಏಳಕ್ಕೆ ನಾನು ಸ್ಕಿನ್ ಬ್ಯಾಂಕಿಗೆ ಫೋನ್ ಮಾಡಿದೆ. ಜೀವ ಹೋದ ಆರು ತಾಸಿನೊಳಗೆ ಚರ್ಮ ತೆಗೆಯಬೇಕು, ಫ್ಯಾನ್ ಹಾಕಿ, ಆಂಬುಲೆನ್ಸ್ ಬರುತ್ತದೆ ಅಂದರು. ನಮ್ಮ ಯಜಮಾನರ ಚಿಕ್ಕಪ್ಪ ಬಾಗಿಲಲ್ಲೇ ನಿಂತು, 'ಸುಲಿದ ಮೈಗೆ ಸಂಸ್ಕಾರ ಮಾಡೋದು ಹೇಗಮ್ಮಾ?' ಅಂದರು. ನನಗೂ ಉತ್ತರ ಗೊತ್ತಿರಲಿಲ್ಲ. ಬಂದವರು ಅವರನ್ನೇ ಒಳಗೆ ಕರೆದು ಹೇಳಿದರು: ಮುಖ, ಕೈ, ಎದೆ ಮುಟ್ಟುವುದಿಲ್ಲ. ತೊಡೆ, ಕಾಲು, ಬೆನ್ನಿನಿಂದ ಮೇಲಿನ ತೆಳು ಪದರ ಅಷ್ಟೇ, ಈರುಳ್ಳಿಯ ಒಳಸಿಪ್ಪೆಯ ಹಾಗೆ. ರಕ್ತ ಸುರಿಯುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಬ್ಯಾಂಡೇಜ್ ಸುತ್ತಿ, ನಾವು ಕೊಟ್ಟ ಇಳಕಲ್ ಸೀರೆಯನ್ನು ಮತ್ತೆ ಸರಿಮಾಡಿದರು. ಮಧ್ಯಾಹ್ನ ನೋಡಲು ಬಂದವರಿಗೆ ಯಾರಿಗೂ ಗೊತ್ತೇ ಆಗಲಿಲ್ಲ. ಚಿಕ್ಕಪ್ಪ ಹದಿಮೂರನೇ ದಿನ ಊಟ ಮುಗಿಸಿ ಎಲೆ ಮಡಿಸುತ್ತಾ, 'ನಂದೂ ಬರ್ಕೋ' ಅಂದರು.

18 ದಾಟಿದ ಯಾರಾದರೂ ಕೊಡಬಹುದು. ಬಿಪಿ, ಶುಗರ್ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ, ಚರ್ಮದ ಕ್ಯಾನ್ಸರ್, ಮೈಯೆಲ್ಲ ಹರಡಿದ ಸೋಂಕು ಇದ್ದವರದ್ದು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಈ ಮನವಿಯ ಮೊದಲ ದೇಣಿಗೆಗೆ ದುಡ್ಡೇ ಬೇಡ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿಡಿ. ನೀವು ಕಾರ್ಡಿಗೆ ಸಹಿ ಹಾಕಿ ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ, ಆ ಹೊತ್ತಿಗೆ ಫೋನ್ ಮಾಡಬೇಕಾದವರು ಅವರು.

ಇನ್ನು ದುಡ್ಡಿನ ವಿಷಯ.

ಬಿಪಿಎಲ್ ಕಾರ್ಡ್ ಇದ್ದವರ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ನಾವು ಅದಕ್ಕೆ ಕೈ ಹಾಕುವುದಿಲ್ಲ. ನಮ್ಮ ಕೆಲಸ ಡಿಸ್ಚಾರ್ಜ್ ಆದ ದಿನ ಶುರುವಾಗುತ್ತದೆ. ಮೊದಲನೆಯದು ಮೊಟ್ಟೆ. ನಗಬೇಡಿ. ಸುಟ್ಟ ಮೈ ಹೊಸ ಚರ್ಮ ಕಟ್ಟಲು ದಿನಕ್ಕೆ ತೂಕದ ಪ್ರತಿ ಕೆಜಿಗೆ ಒಂದೂವರೆಯಿಂದ ಎರಡು ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಅನ್ನ, ತಿಳಿಸಾರು ತಿಂದುಕೊಂಡು ಮನೆಯಲ್ಲಿರುವವರಿಗೆ ಇದು ಎಲ್ಲಿಂದ ಬರಬೇಕು? ದಿನಕ್ಕೆ ನಾಲ್ಕು ಮೊಟ್ಟೆ, ಅರ್ಧ ಲೀಟರ್ ನಂದಿನಿ ಹಾಲು, ಒಂದು ಹಿಡಿ ಕಡಲೆಬೀಜ ಅಂದರೆ ಒಬ್ಬರಿಗೆ ತಿಂಗಳಿಗೆ ಹೆಚ್ಚುಕಡಿಮೆ 2,000 ರೂಪಾಯಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಹೆಸರುಕಾಳು, ಸೋಯಾ, ಹುರಿಗಡಲೆ.

ಎರಡನೆಯದು ಬಿಗಿ ಅಂಗಿ. ಗಾಯದ ಕಲೆ ದಪ್ಪಗಾಗಿ ಸೆಳೆಯದಂತೆ ಒತ್ತಿ ಹಿಡಿಯುವ ಎಲಾಸ್ಟಿಕ್ ಬಟ್ಟೆ. ಒಬ್ಬೊಬ್ಬರ ಅಳತೆಗೆ ಹೊಲಿಸಬೇಕು. ದಿನಕ್ಕೆ 23 ಗಂಟೆ ಹಾಕಿಕೊಂಡಿರಬೇಕು, ಸ್ನಾನಕ್ಕೆ ಮಾತ್ರ ಬಿಡುವು. ಹೀಗೆ ಒಂದು ವರ್ಷ, ಕೆಲವರಿಗೆ ಎರಡು. ಒಂದು ಒಗೆದರೆ ಇನ್ನೊಂದು ಬೇಕಲ್ವಾ, ಅದಕ್ಕೆ ಎರಡೆರಡು. ಮೂರು ತಿಂಗಳಿಗೆ ಎಲಾಸ್ಟಿಕ್ ಸಡಿಲ, ಮತ್ತೆ ಹೊಸದು. ದೊಡ್ಡವರ ಜಾಕೆಟ್ಟಿಗೆ ನಮ್ಮ ಹೊಲಿಗೆಯವರು 4,000 ರೂಪಾಯಿ ತೆಗೆದುಕೊಳ್ಳುತ್ತಾರೆ. ಹೆಚ್ಚಿನವರು ಕೈಬಿಡುವುದು ಇಲ್ಲೇ. ಕೈಬಿಟ್ಟವರು ವರ್ಷದ ಮೇಲೆ ಮಡಚಿದ ಮೊಣಕೈಯನ್ನೋ ಅಂಟಿದ ಬೆರಳುಗಳನ್ನೋ ತಂದು ಮತ್ತೆ ಅದೇ ಆಪರೇಷನ್ ಟೇಬಲ್ ಮೇಲೆ ಮಲಗುತ್ತಾರೆ. ಆ ಹೂವಿನವರ ಕತ್ತಿಗೆ ಮೊದಲ ಸಲವೇ ಪಟ್ಟಿ ಸಿಕ್ಕಿದ್ದರೆ ಸ್ಟ್ರಾ ಬೇಕಾಗುತ್ತಿತ್ತೋ ಇಲ್ಲವೋ.

ಮೂರನೆಯದು ಬಸ್ ಚಾರ್ಜು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರದ್ದು ಬಹಳ ಹಗುರಾಯಿತು, ಪುಣ್ಯ. ಗಂಡಸರಿಗೆ, ಹಿಂದೂಪುರ, ಹೊಸೂರು ಕಡೆಯಿಂದ ಬರುವವರಿಗೆ ನಾವೇ ಕೊಡುತ್ತೇವೆ. ಟಿಕೆಟ್ ತಂದು ತೋರಿಸಿದರೆ ಸಾಕು.

ನಿಮ್ಮಿಂದ ಎಷ್ಟಾದರೂ ಸರಿ. 500 ಕೊಟ್ಟರೆ ಒಬ್ಬರ ಒಂದು ವಾರದ ಮೊಟ್ಟೆ-ಹಾಲು. 8,000 ಕೊಟ್ಟರೆ ಒಬ್ಬರಿಗೆ ಮೂರು ತಿಂಗಳಿಗಾಗುವ ಒಂದು ಜೊತೆ ಬಿಗಿ ಅಂಗಿ. 80ಜಿಗೆ ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ. ತೆರಿಗೆ ವಿನಾಯಿತಿ ಬೇಕೇ ಬೇಕು ಅನ್ನುವವರು ಸ್ವಲ್ಪ ಕಾಯಿರಿ, ಸುಳ್ಳು ಹೇಳಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಪ್ರತಿ ದೇಣಿಗೆಗೂ ರಸೀದಿ ಇದೆ. ಖಾತೆಯ ವಿವರ ಕಾರ್ಯದರ್ಶಿಗಳು ಕಳಿಸುತ್ತಾರೆ. ರೂಮಿಗೇ ಬಂದು ಲೆಕ್ಕದ ಪುಸ್ತಕ ತೆರೆದು ನೋಡಿ ಕೊಡುತ್ತೇವೆ ಅನ್ನುವವರು ಶನಿವಾರ ಬನ್ನಿ, ಮಾರ್ಕೆಟ್ ಮೆಟ್ರೊ ಇಳಿದು ನಡೆಯುವಷ್ಟೇ ದೂರ.

ಬೇಡದ್ದನ್ನೂ ಹೇಳಿಬಿಡುತ್ತೇನೆ. ಹಳೇ ಬಟ್ಟೆ ಬೇಡ. ಹುಟ್ಟುಹಬ್ಬಕ್ಕೆ ವಾರ್ಡಿನೊಳಗೆ ಹಣ್ಣು ಹಂಚಿ ಫೋಟೊ ತೆಗೆಸಿಕೊಳ್ಳುವುದೂ ಬೇಡ. ಇಷ್ಟು ದಿನ ಬದುಕಿಸಿಟ್ಟವರನ್ನು ಕೊನೆಗೆ ಕೊಂಡೊಯ್ಯುವುದು ಸೋಂಕು. ಅದು ನಮ್ಮ ನಿಮ್ಮ ಕೈ, ಚಪ್ಪಲಿ, ಸೇಬಿನ ಬುಟ್ಟಿಯ ಜೊತೆಯೇ ಬರುತ್ತದೆ.

ನಮ್ಮಲ್ಲಿ ಈಗ ನಾಲ್ಕು ವರ್ಷದ ಒಬ್ಬ ಹುಡುಗನಿದ್ದಾನೆ. ನಾಮಕರಣದ ಮನೆಯಲ್ಲಿ ಕೆಳಗಿಟ್ಟಿದ್ದ ಸಾಂಬಾರಿನ ಕೊಪ್ಪರಿಗೆಗೆ ಹಿಂದೆ ಹಿಂದೆ ನಡೆದು ಕೂತುಬಿಟ್ಟಿದ್ದ. ಬಿಗಿ ಅಂಗಿ ಕಂಡರೆ ಅವನಿಗಾಗದು, ಕಡಿತ, ಸೆಕೆ. ಹೋದ ತಿಂಗಳು ಕಾಣೆಯಾಗಿದ್ದ ಒಂದು ಚಡ್ಡಿ ಅಕ್ಕಿ ಡಬ್ಬದ ತಳದಲ್ಲಿ ಸಿಕ್ಕಿತು ಎಂದು ಅವರಜ್ಜಿ ತಂದು ತೋರಿಸಿದರು. ಒಗೆದು ಮತ್ತೆ ಹಾಕಲು ನೋಡಿದರೆ ಸೊಂಟಕ್ಕೆ ಏರುತ್ತಿಲ್ಲ. ದಿನಾ ಮೊಟ್ಟೆ ತಿಂದು ಹುಡುಗ ಬೆಳೆದುಬಿಟ್ಟಿದ್ದಾನೆ. ಮುಂದಿನ ಮಂಗಳವಾರ ಹೊಸ ಅಳತೆ ಇದೆ.

ಇಂತಿ,
ಟ್ರಸ್ಟಿನ ಒಂಬತ್ತು ಜನರ ಪರವಾಗಿ