ಮೀಟರಿನಲ್ಲಿ ಹನ್ನೊಂದು ದಿನ

ಪುಟ್ಟೀ,

ಸಿಟ್ಟಿನಲ್ಲಿ ಶುಗರ್ ಮೀಟರ್ ಮೇಜಿನ ಮೇಲೇ ಬಿಟ್ಟು ಹೋಗಿದ್ದೀಯ. ಪತ್ರದ ಜೊತೆ ಕಳಿಸುತ್ತಿದ್ದೇನೆ. ಅದರಲ್ಲಿ ಹನ್ನೊಂದು ದಿನ ಖಾಲಿ ಇದ್ದದ್ದು ಕಂಡೇ ನಾನು ಕೂಗಾಡಿದ್ದು. ‘ಸೋಮಾರಿ’ ಅಂದೆ. ತಪ್ಪಾಯಿತು. ಸ್ನಾನಕ್ಕೂ ಏಳಲಾಗದವಳಿಗೆ ಬೆರಳು ಚುಚ್ಚಿಕೊಳ್ಳುವುದೂ ಎಷ್ಟು ದೊಡ್ಡ ಕೆಲಸ ಅನ್ನುವುದು ನನಗೆ ಹೊಳೆಯಬೇಕಿತ್ತು. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಗೊತ್ತಿದ್ದೂ ಬೈದೆ.

ಆದರೆ ನಿದ್ದೆ ಕೆಡಿಸಿದ್ದು ನೀನು ಅಂದ ಮಾತು: ‘ಊಟಾನೇ ಮಾಡಿಲ್ಲ, ಇಂಜೆಕ್ಷನ್ ಯಾಕೆ?’ ಊಟ ಬಿಟ್ಟರೆ ಊಟದ ಡೋಸ್ ಬಿಡಬಹುದು. ಆದರೆ ನಿನ್ನ ಟೈಪ್ 1ರಲ್ಲಿ, ಅಂದರೆ ದೇಹ ತಾನೇ ಇನ್ಸುಲಿನ್ ಮಾಡದ ಸಕ್ಕರೆ ಕಾಯಿಲೆಯಲ್ಲಿ, ಬೇಸಲ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್) ಬಿಡುವಂತಿಲ್ಲ ಕಣೇ. ಹೊಟ್ಟೆಗೆ ಏನೂ ಹೋಗದಿದ್ದರೂ ಲಿವರ್ ಸಕ್ಕರೆ ಬಿಡುತ್ತಲೇ ಇರುತ್ತದೆ. ಇನ್ಸುಲಿನ್ ಸಿಗದ ದೇಹ ಕೊಬ್ಬು ಕರಗಿಸಿ ಕೀಟೋನ್ ಅನ್ನುವ ಆಮ್ಲ ಮಾಡುತ್ತದೆ, ರಕ್ತ ಆಮ್ಲವಾಗುತ್ತ ಹೋಗುತ್ತದೆ. ಶುಗರ್ 250 ದಾಟಿದರೆ, ಇಲ್ಲವೇ ವಾಂತಿ, ಹೊಟ್ಟೆನೋವು ಬಂದರೆ ಕೀಟೋನ್ ನೋಡು. ರಕ್ತದ ಕೀಟೋನ್ 3 (mmol/L) ಮುಟ್ಟಿತೋ, ನೇರ ಆಸ್ಪತ್ರೆ.

ಖಿನ್ನತೆಯ ಸುಸ್ತು, ಕೀಟೋನಿನ ಸುಸ್ತು, ಎರಡೂ ಹೊರಗಿನಿಂದ ಒಂದೇ: ಮುಸುಕು ಹಾಕಿ ಮಲಗಿರುವುದು. ನನ್ನ ಭಯವೆಲ್ಲ ಅಲ್ಲೇ ಸುತ್ತುತ್ತದೆ. ಫೋನಿನಲ್ಲಿ ‘ಸುಸ್ತು, ಮಲಗ್ತೀನಿ’ ಅಂದರೆ ಯಾವ ಸುಸ್ತು ಅಂತ ತಿಳಿದುಕೊಳ್ಳಲಿ? ಶುಗರ್ 70ಕ್ಕಿಂತ ಇಳಿದಾಗಲೂ ನಡುಕ, ಎದೆಬಡಿತ, ಸುಮ್ಮಸುಮ್ಮನೆ ಅಳು. ಮನಸ್ಸಿನ ಆತಂಕ ಅಂದುಕೊಂಡು ಕೂತುಬಿಡುತ್ತಾರೆ. ಮೊದಲು ಮೀಟರ್ ನೋಡು; ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಚೆಕ್.

ಪಾಠ ಶುರುವಾಯಿತು ಅಂತೀಯ. ಇನ್ನು ಸ್ವಲ್ಪ ತಡಕೋ.

ಡಾಕ್ಟರ ಹತ್ತಿರ ಬರೀ ಶುಗರ್ ಹೇಳಿ ಎದ್ದು ಬರಬೇಡ. ಖಿನ್ನತೆ ಎಷ್ಟಿದೆ ಅಂತ ನೋಡಲು ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳಿವೆ, ಹಿಂದಿನ ಎರಡು ವಾರದ ಬಗ್ಗೆ. ಒಂದೊಂದಕ್ಕೂ 0ಯಿಂದ 3. ಮೊತ್ತ 10 ಅಥವಾ ಹೆಚ್ಚಾದರೆ ಡಾಕ್ಟರು ಕೂತು ವಿಚಾರಿಸಬೇಕಾದ ಮಟ್ಟ. ಒಂಬತ್ತನೆಯದು ಬದುಕು ಬೇಡ ಅನ್ನಿಸಿದೆಯೇ ಅನ್ನುವುದು. ಅದಕ್ಕೆ ಸೊನ್ನೆ ಬಿಟ್ಟು ಏನೇ ಬಂದರೂ ಅವತ್ತೇ ಹೇಳು, ಡಾಕ್ಟರಿಗೂ ನನಗೂ, ನಡುರಾತ್ರಿಯಾದರೂ. ಥೈರಾಯ್ಡ್ ಟೆಸ್ಟೂ ಕೇಳು. ಟೈಪ್ 1 ಇರುವವರಲ್ಲಿ ಅದರ ತೊಂದರೆ ಹೆಚ್ಚು, ಮಂಕೂ ಇದೇ ಥರ.

ಖಿನ್ನತೆಗೆ ಮಾತ್ರೆ ಬರೆದರೆ ಗುಣ ಕಾಣಲು 4ರಿಂದ 6 ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುತ್ತದೆ ಅಂತ ಬಿಟ್ಟುಬಿಡುವವರೂ ಇದ್ದಾರೆ. ಸರ್ಟ್ರಲಿನ್, ಫ್ಲೂಯಾಕ್ಸೆಟಿನ್ ಥರದವು ಕೆಲವರಲ್ಲಿ ಶುಗರ್ ಇಳಿಸುತ್ತವೆ, ಆಗ ಹೆಚ್ಚು ಸಲ ಚೆಕ್ ಬೇಕು. ಅಮಿಟ್ರಿಪ್ಟಿಲಿನ್ ತೂಕ ಏರಿಸಬಹುದು. ಸರಿಹೋಯಿತು ಅನ್ನಿಸಿದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. ನಿಲ್ಲಿಸುವುದೂ ಡಾಕ್ಟರು ಹೇಳಿದಂತೆ, ಸ್ವಲ್ಪಸ್ವಲ್ಪವಾಗಿ.

ಇಷ್ಟು ವರ್ಷ ಸೂಜಿ, ಲೆಕ್ಕ ಎಲ್ಲ ಒಬ್ಬಳೇ ನಿಭಾಯಿಸಿದ್ದೀಯ. ಒಂದು ದಿನವೂ ಬಾಯಿಬಿಟ್ಟು ಭೇಷ್ ಅನ್ನಲಿಲ್ಲ ನಾನು.

ಸ್ಟ್ರಿಪ್ ಡಬ್ಬಿಯೂ ಇಟ್ಟಿದ್ದೇನೆ, ತೆರೆದ ತಾರೀಕು ಮೇಲೆ ಬರೆದಿದೆ. ಶುಗರ್ ಎಷ್ಟು ಅಂತ ಕೇಳುವುದಿಲ್ಲ. ರಾತ್ರಿ ಬೇಸಲ್ ತೊಗೊಂಡ ಮೇಲೆ ಮೆಸೇಜಿನಲ್ಲಿ ಒಂದು ಟಿಕ್ ಹಾಕು, ಸಾಕು.

ನಿನ್ನ ಅಪ್ಪ